ಉಸಿರು, ರಕ್ತದೊತ್ತಡ ಮತ್ತು ಪಠ್ಯಪುಸ್ತಕದ ಒಂದು ವಾಕ್ಯ

ಎನ್‌ಸಿಇಆರ್‌ಟಿಯ 11ನೆಯ ತರಗತಿಯ ಜೀವಶಾಸ್ತ್ರ ಪುಸ್ತಕ 2006ರಲ್ಲಿ ಪ್ರಕಟವಾಯಿತು. ನಮ್ಮ ಪದವಿಪೂರ್ವ ಕಾಲೇಜುಗಳ ಅನೇಕ ತಂಡಗಳ ವಿದ್ಯಾರ್ಥಿಗಳು ಅದನ್ನು ಓದಿದ್ದಾರೆ. ಅದರ ಉಸಿರಾಟದ ಅಧ್ಯಾಯದ ಅಭ್ಯಾಸದಲ್ಲಿ, ಬೆಟ್ಟ ಹತ್ತುವ ಮನುಷ್ಯನ ಉಸಿರಾಟ ಹೇಗೆ ಬದಲಾಗುತ್ತದೆಂದು ಕೇಳುವ ಪ್ರಶ್ನೆಯೊಂದಿದೆ. ಎತ್ತರದಲ್ಲಿ ಆಮ್ಲಜನಕ ಕಡಿಮೆ, ಆದ್ದರಿಂದ ಉಸಿರಾಟದ ವೇಗ ಹೆಚ್ಚುತ್ತದೆ ಎಂದು ವಿದ್ಯಾರ್ಥಿಗಳು ಬರೆಯುತ್ತಾರೆ. ನಾವು ಅಂಕ ಕೊಡುತ್ತೇವೆ. ಆದರೆ ಅದೇ ಅಧ್ಯಾಯದ ಪಾಠಭಾಗವನ್ನು ಜಾಗರೂಕತೆಯಿಂದ ಓದಿದ ವಿದ್ಯಾರ್ಥಿ ಈ ಉತ್ತರ ಬರೆಯಲು ಹಿಂಜರಿಯಬೇಕು. ಏಕೆಂದರೆ ಉಸಿರಾಟದ ಲಯದ ನಿಯಂತ್ರಣದಲ್ಲಿ ಆಮ್ಲಜನಕದ ಪಾತ್ರ ನಗಣ್ಯ ಎಂಬ ಅರ್ಥದ ವಾಕ್ಯದೊಂದಿಗೆ ಆ ಭಾಗ ಮುಗಿಯುತ್ತದೆ.

ಪಾಠ ಸರಿಯೆ, ಪ್ರಶ್ನೆ ಸರಿಯೆ? ಮಿದುಳು ಉಸಿರಾಟವನ್ನೂ ರಕ್ತದೊತ್ತಡವನ್ನೂ ನಿಯಂತ್ರಿಸುವ ಬಗೆಯನ್ನು ಈ ಪುಸ್ತಕ ಹೇಗೆ ನಿರೂಪಿಸಿದೆ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮೊದಲು ಮೆಚ್ಚಬೇಕಾದ ಅಂಶ. ಆಮ್ಲಜನಕ ಬೇಕಾದಾಗಲೆಲ್ಲ ನಾವು ಉಸಿರೆಳೆಯುತ್ತೇವೆ ಎಂಬುದು ಜನಸಾಮಾನ್ಯರ ನಂಬಿಕೆ. ಪುಸ್ತಕ ಈ ನಂಬಿಕೆಯನ್ನು ಬದಿಗಿಟ್ಟು ಇಂಗಾಲದ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಅಯಾನುಗಳಿಗೆ ಮೊದಲ ಸ್ಥಾನ ಕೊಟ್ಟಿದೆ. ಇದು ಸರಿ. 1905ರಲ್ಲಿ ಆಕ್ಸ್‌ಫರ್ಡಿನ ಹಾಲ್ಡೇನ್ ಮತ್ತು ಪ್ರೀಸ್ಟ್‌ಲಿ ಶ್ವಾಸಕೋಶದ ಗಾಳಿಗೂಡುಗಳ ಗಾಳಿಯನ್ನು ಪರೀಕ್ಷಿಸಿ, ವಿರಾಮದಲ್ಲಿರುವ ಮನುಷ್ಯನ ಉಸಿರಾಟವನ್ನು ಇಂಗಾಲದ ಡೈಆಕ್ಸೈಡಿನ ಮಟ್ಟವೇ ಮುಖ್ಯವಾಗಿ ನಿರ್ಧರಿಸುತ್ತದೆ ಎಂದು ತೋರಿಸಿದರು. ಅಪಧಮನಿಯ ರಕ್ತದಲ್ಲಿ ಅದರ ಆಂಶಿಕ ಒತ್ತಡ ಸುಮಾರು 40 ಮಿ.ಮೀ. ಪಾದರಸದಷ್ಟಿರುತ್ತದೆ. ಇದು ಕೆಲವೇ ಮಿ.ಮೀ. ಏರಿದರೂ ಉಸಿರಾಟ ಗಣನೀಯವಾಗಿ ಹೆಚ್ಚುತ್ತದೆ. ಮೆಡುಲ್ಲಾದಲ್ಲಿರುವ ರಾಸಾಯನಿಕ ಸಂವೇದಿ ಪ್ರದೇಶದ ಪ್ರಸ್ತಾಪವೂ ಪುಸ್ತಕದಲ್ಲಿದೆ.

ತೊಡಕಿರುವುದು ಮುಂದಿನ ಹೆಜ್ಜೆಯಲ್ಲಿ. ಮಹಾಪಧಮನಿಯ ಕಮಾನಿನಲ್ಲಿ ಮತ್ತು ಕುತ್ತಿಗೆಯ ಕೆರೊಟಿಡ್ ಅಪಧಮನಿಯಲ್ಲಿ ಗ್ರಾಹಕಗಳಿವೆ, ಅವು ಇಂಗಾಲದ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಅಯಾನುಗಳ ಬದಲಾವಣೆಯನ್ನು ಗುರುತಿಸುತ್ತವೆ ಎಂದು ಪುಸ್ತಕ ಹೇಳುತ್ತದೆ. ಹೇಳಿದ್ದು ತಪ್ಪಲ್ಲ. ಆದರೆ ಈ ಗ್ರಾಹಕಗಳ ಮುಖ್ಯ ಕೆಲಸವನ್ನೇ ಅದು ಬಿಟ್ಟುಬಿಟ್ಟಿದೆ. ಅಕ್ಕಿಕಾಳಿನಷ್ಟು ಪುಟ್ಟದಾದ ಕೆರೊಟಿಡ್ ಕಾಯ ನಮ್ಮ ದೇಹದ ಪ್ರಧಾನ ಆಮ್ಲಜನಕ ಸಂವೇದಿ. ಮ್ಯಾಡ್ರಿಡ್‌ನ ಫರ್ನಾಂಡೊ ಡಿ ಕಾಸ್ಟ್ರೊ 1920ರ ದಶಕದಲ್ಲಿ ಅದರ ನರಗಳ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದು ರಕ್ತದ ರಾಸಾಯನಿಕ ಸ್ಥಿತಿಯನ್ನು ಅರಿಯುವ ಅಂಗವಿರಬೇಕೆಂದು ಸೂಚಿಸಿದರು. ಬೆಲ್ಜಿಯಂನ ಕಾರ್ನೆಯ್ ಹೇಮಾನ್ಸ್ ಪ್ರಯೋಗಗಳಿಂದ ಇದನ್ನು ಸ್ಥಿರಪಡಿಸಿ 1938ರ ನೊಬೆಲ್ ಬಹುಮಾನ ಪಡೆದರು.

ಹಾಗಾದರೆ ಪುಸ್ತಕದ ವಾಕ್ಯ ಎಲ್ಲಿಂದ ಬಂತು? ಅದು ಒಂದು ಸನ್ನಿವೇಶದ ಮಟ್ಟಿಗೆ ನಿಜ. ಸಮುದ್ರಮಟ್ಟದಲ್ಲಿ ಆರೋಗ್ಯವಂತನ ಅಪಧಮನಿಯ ರಕ್ತದಲ್ಲಿ ಆಮ್ಲಜನಕದ ಆಂಶಿಕ ಒತ್ತಡ ಸುಮಾರು 95 ಮಿ.ಮೀ. ಇರುತ್ತದೆ. ಅದು ಸ್ವಲ್ಪ ಇಳಿದರೆ ಉಸಿರಾಟದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗುವುದಿಲ್ಲ. ಆದರೆ ಸುಮಾರು 60 ಮಿ.ಮೀ.ಗಿಂತ ಕೆಳಗಿಳಿದಾಗ ಕೆರೊಟಿಡ್ ಕಾಯದ ಸಂದೇಶಗಳು ಥಟ್ಟನೆ ಹೆಚ್ಚುತ್ತವೆ. ಲೇಹ್‌ನಂಥ 3,500 ಮೀಟರ್ ಎತ್ತರದ ಊರಿನಲ್ಲಿ ವಾಯುಭಾರ ಸಮುದ್ರಮಟ್ಟದ ಮೂರನೆಯ ಎರಡು ಭಾಗದಷ್ಟಿರುತ್ತದೆ. ಅಲ್ಲಿ ಇಳಿದ ಹೊಸಬನ ಉಸಿರಾಟವನ್ನು ಹೆಚ್ಚಿಸುವುದು ಆಮ್ಲಜನಕದ ಕೊರತೆಯೇ. ಬೇರೆ ಕಾರಣಗಳಿಗಾಗಿ ಶಸ್ತ್ರಕ್ರಿಯೆಯಲ್ಲಿ ಎರಡೂ ಕೆರೊಟಿಡ್ ಕಾಯಗಳನ್ನು ಕಳೆದುಕೊಂಡವರಲ್ಲಿ ಈ ಪ್ರತಿಕ್ರಿಯೆ ಬಹುಮಟ್ಟಿಗೆ ಇಲ್ಲವಾಗುತ್ತದೆ. ಅಂದರೆ 'ನಗಣ್ಯ' ಎಂಬ ಮಾತಿನ ಜೊತೆಗೆ 'ಸಾಮಾನ್ಯ ಸ್ಥಿತಿಯಲ್ಲಿ' ಎಂಬ ಎರಡು ಪದ ಇರಬೇಕಿತ್ತು. ಹಲವು ವರ್ಷ ಬಳಕೆಯಲ್ಲಿದ್ದ 12ನೆಯ ತರಗತಿಯ ಪುಸ್ತಕ, ರೋಹ್ತಾಂಗ್ ಕಣಿವೆಯಂಥ ಎತ್ತರದ ತಾಣಗಳಲ್ಲಿ ಉಸಿರಾಟದ ವೇಗ ಹೆಚ್ಚುವುದನ್ನು ದೇಹದ ಹೊಂದಾಣಿಕೆಯೆಂದು ವಿವರಿಸಿತ್ತು. ಎರಡು ತರಗತಿಗಳ ಪುಸ್ತಕಗಳು ಪರಸ್ಪರ ಮಾತನಾಡಿಕೊಂಡಂತೆ ಕಾಣುವುದಿಲ್ಲ.

ಇದು ಬರಿಯ ಪದಗಳ ಜಗಳವಲ್ಲ. ಬಾವಿ, ಕೆರೆಗಳಲ್ಲಿ ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆಂದು ಹುಡುಗರು ಪಂದ್ಯ ಕಟ್ಟುತ್ತಾರೆ. ಮುಳುಗುವ ಮುನ್ನ ಹತ್ತಾರು ಸಲ ಜೋರಾಗಿ ಉಸಿರೆಳೆದು ಬಿಡುತ್ತಾರೆ. ಇದರಿಂದ ರಕ್ತದ ಆಮ್ಲಜನಕ ಹೆಚ್ಚೇನೂ ಏರುವುದಿಲ್ಲ, ಹಿಮೊಗ್ಲೋಬಿನ್ ಮೊದಲೇ ಬಹುಪಾಲು ತುಂಬಿರುತ್ತದೆ. ಆದರೆ ಇಂಗಾಲದ ಡೈಆಕ್ಸೈಡ್ ತೀರ ಇಳಿಯುತ್ತದೆ. ನೀರಿನೊಳಗೆ ಅದು ಮತ್ತೆ ಏರಿ 'ಮೇಲೆ ಬಾ' ಎಂದು ಮಿದುಳನ್ನು ಎಚ್ಚರಿಸುವ ಮೊದಲೇ ಆಮ್ಲಜನಕ ಕುಸಿದು ಪ್ರಜ್ಞೆ ತಪ್ಪಬಹುದು. ಈಜು ಬಲ್ಲವರೇ ಹೀಗೆ ಸಾಯುವುದುಂಟು. 2020-21ರ ಕೋವಿಡ್ ಕಾಲದಲ್ಲಿ, ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದಿದ್ದರೂ ಕೆಲವು ರೋಗಿಗಳಿಗೆ ಏದುಸಿರು ಅಷ್ಟಾಗಿ ಕಾಣಿಸಲಿಲ್ಲ. ಇಂಗಾಲದ ಡೈಆಕ್ಸೈಡ್ ಏರದಿದ್ದದ್ದು ಇದಕ್ಕೆ ಒಂದು ಕಾರಣ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮನೆಮನೆಗೆ ಬಂದದ್ದು ಅದಕ್ಕಾಗಿಯೇ. ಎರಡು ಅನಿಲಗಳ ಎಚ್ಚರಿಕೆ ಗಂಟೆಗಳು ಬೇರೆ ಬೇರೆ, ಒಂದು ಬೇಗ ಬಾರಿಸುತ್ತದೆ, ಇನ್ನೊಂದು ತಡವಾಗಿ ಎಂದು ಪಾಠ ಹೇಳಿದ್ದರೆ ಇವೆರಡೂ ವಿದ್ಯಾರ್ಥಿಗೆ ತಾನಾಗಿ ಅರ್ಥವಾಗುತ್ತಿದ್ದವು.

'ಉಸಿರಾಟದ ಕೇಂದ್ರ' ಎಂಬ ಪದದ ಬಗ್ಗೆಯೂ ಒಂದು ಮಾತು. ಈ ಪದ ಓದಿದವರಿಗೆ ಕಚೇರಿಯಲ್ಲಿ ಕುಳಿತು ಆಜ್ಞೆ ಮಾಡುವ ಅಧಿಕಾರಿಯ ಚಿತ್ರ ಮೂಡುತ್ತದೆ. ನಿಜವಾಗಿ ಇರುವುದು ಮಿದುಳ ಕಾಂಡದಲ್ಲಿ ಹರಡಿರುವ ನರಕೋಶಗಳ ಜಾಲ. 1991ರಲ್ಲಿ ಸ್ಮಿತ್, ಫೆಲ್ಡ್‌ಮನ್ ಮತ್ತು ಸಂಗಡಿಗರು ನವಜಾತ ಇಲಿಗಳ ಮೆಡುಲ್ಲಾದ ತೆಳುವಾದ ಬಿಲ್ಲೆಯನ್ನು ದೇಹದಿಂದ ಬೇರ್ಪಡಿಸಿ ಇರಿಸಿದಾಗಲೂ ಅದು ಉಸಿರಾಟದ ಲಯದ ಸಂಕೇತಗಳನ್ನು ಹೊರಡಿಸುತ್ತಿತ್ತು. ಆ ಲಯದ ಮೂಲವಾದ ಪುಟ್ಟ ಪ್ರದೇಶಕ್ಕೆ ಪ್ರಿ-ಬೋಟ್ಸಿಂಗರ್ ಸಂಕೀರ್ಣ ಎಂದು ಹೆಸರು. 2006ರಲ್ಲಿ ಬಂದ ಪುಸ್ತಕಕ್ಕೆ ಇದು ಹೊಸ ಸುದ್ದಿಯೇನಲ್ಲ. ಒಂದು ಸಾಲಿನ ಸ್ಥಳ ಸಾಕಿತ್ತು.

ರಕ್ತದೊತ್ತಡದ ವಿಷಯದಲ್ಲಿ ಪುಸ್ತಕದ ದೋಷ ಬೇರೆ ಬಗೆಯದು. ಅಲ್ಲಿ ತಪ್ಪಿಗಿಂತ ಮೌನವೇ ಹೆಚ್ಚು. ಮೆಡುಲ್ಲಾದ ನರಕೇಂದ್ರವು ಅನುವೇದನಾ ನರಗಳ ಮೂಲಕ ಹೃದಯವನ್ನು ಚುರುಕುಗೊಳಿಸುತ್ತದೆ, ಪರಾನುವೇದನಾ ನರಗಳ ಮೂಲಕ ನಿಧಾನಗೊಳಿಸುತ್ತದೆ ಎಂದು ಪುಸ್ತಕ ಹೇಳುತ್ತದೆ. ಯಾವಾಗ ಯಾವುದನ್ನು ಮಾಡಬೇಕೆಂದು ಆ ಕೇಂದ್ರಕ್ಕೆ ತಿಳಿಸುವವರು ಯಾರು? ಹೃದಯದ ನಿಯಂತ್ರಣದ ಭಾಗದಲ್ಲಿ ಇದಕ್ಕೆ ಉತ್ತರವಿಲ್ಲ. ಮೂತ್ರಪಿಂಡವು ರೆನಿನ್ ಮೂಲಕ ಒತ್ತಡವನ್ನು ಏರಿಸುವ ನಿಧಾನವಾದ ದಾರಿಯನ್ನು ವಿಸರ್ಜನೆಯ ಅಧ್ಯಾಯ ವಿವರವಾಗಿ ಕೊಟ್ಟಿದೆ. ಕ್ಷಣಗಳಲ್ಲಿ ಕೆಲಸ ಮಾಡುವ ಮಿದುಳಿನ ದಾರಿಗೆ ಅರ್ಧ ಪುಟವೂ ಸಿಕ್ಕಿಲ್ಲ.

ಆ ದಾರಿ ಹೀಗಿದೆ. ಕೆರೊಟಿಡ್ ಅಪಧಮನಿ ಕವಲೊಡೆಯುವಲ್ಲಿ ಮತ್ತು ಮಹಾಪಧಮನಿಯ ಕಮಾನಿನಲ್ಲಿ ಗೋಡೆಯ ಹಿಗ್ಗುವಿಕೆಯನ್ನು ಅರಿಯುವ ಒತ್ತಡ ಗ್ರಾಹಕಗಳಿವೆ. ಒತ್ತಡ ಏರಿದರೆ ಇವು ಹೆಚ್ಚು ಸಂಕೇತ ಕಳಿಸುತ್ತವೆ, ಇಳಿದರೆ ಕಡಿಮೆ. ಒಂಬತ್ತನೆಯ ಮತ್ತು ಹತ್ತನೆಯ ಕಪಾಲ ನರಗಳ ಮೂಲಕ ಸಂಕೇತ ಮೆಡುಲ್ಲಾ ತಲಪುತ್ತದೆ. ಮಲಗಿದ್ದವನು ಎದ್ದು ನಿಂತಾಗ ಸುಮಾರು ಅರ್ಧ ಲೀಟರ್ ರಕ್ತ ದೇಹದ ಕೆಳಭಾಗಕ್ಕೆ ಸರಿಯುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಒತ್ತಡ ಇಳಿಯುತ್ತದೆ, ಗ್ರಾಹಕಗಳ ಸಂಕೇತ ಕುಗ್ಗುತ್ತದೆ. ಕೂಡಲೇ ಮೆಡುಲ್ಲಾ ವೇಗಸ್ ನರದ ಕಡಿವಾಣ ಸಡಿಲಿಸಿ ಹೃದಯಬಡಿತ ಏರಿಸುತ್ತದೆ, ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಈ ಪ್ರತಿಕ್ರಿಯೆ ಸೋತಾಗ ವೃದ್ಧರು ಹಾಸಿಗೆಯಿಂದ ಎದ್ದೊಡನೆ ತಲೆಸುತ್ತಿ ಬೀಳುತ್ತಾರೆ.

ಇಂಥ ವ್ಯವಸ್ಥೆ ಇದ್ದರೂ ಅಧಿಕ ರಕ್ತದೊತ್ತಡ ಏಕೆ ಬರುತ್ತದೆ? ತರಗತಿಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಒತ್ತಡ ಬಹುಕಾಲ ಏರಿಯೇ ಇದ್ದರೆ ಗ್ರಾಹಕಗಳು ಆ ಮಟ್ಟಕ್ಕೆ ಹೊಂದಿಕೊಂಡು, ಅದನ್ನೇ ಸಹಜವೆಂಬಂತೆ ಕಾಯುತ್ತವೆ. ಅವು ಕ್ಷಣಕ್ಷಣದ ಏರಿಳಿತದ ಕಾವಲುಗಾರರು, ವರ್ಷಗಳ ಲೆಕ್ಕ ಅವಕ್ಕೆ ತಿಳಿಯದು.

ಪುಸ್ತಕಕ್ಕೆ ಪುಟಮಿತಿ ಇದೆ, ಪರೀಕ್ಷೆಯ ಒತ್ತಡವೂ ಇದೆ ಎಂಬುದನ್ನು ಒಪ್ಪೋಣ. ಆದರೆ ಮೇಲಿನ ತಿದ್ದುಪಡಿಗಳಿಗೆ ಹತ್ತು ಸಾಲು ಸಾಕು. ಅಲ್ಲಿಯವರೆಗೆ ಅಧ್ಯಾಪಕರೇ ಆ ಹತ್ತು ಸಾಲನ್ನು ಸೇರಿಸಿಕೊಳ್ಳಬಹುದು. ಎರಡು ಸರಳ ಚಟುವಟಿಕೆಗಳು ಇಲ್ಲಿವೆ. ವಿದ್ಯಾರ್ಥಿಗಳು ಐದು ನಿಮಿಷ ಮಲಗಿ ನಾಡಿ ಎಣಿಸಲಿ, ಎದ್ದು ನಿಂತೊಡನೆ ಮತ್ತೆ ಎಣಿಸಲಿ. ಅನಂತರ ನಿಧಾನವಾಗಿ ಉಸಿರಾಡುತ್ತ ನಾಡಿಯ ಮೇಲೆ ಬೆರಳಿಡಲಿ. ಉಸಿರೆಳೆದಾಗ ಬಡಿತ ತುಸು ಚುರುಕಾಗಿ, ಬಿಟ್ಟಾಗ ನಿಧಾನವಾಗುವುದು ಎಳೆಯರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಉಸಿರಾಟದ ಜಾಲ ಮತ್ತು ಹೃದಯದ ಜಾಲ ಮೆಡುಲ್ಲಾದಲ್ಲಿ ಹೆಣೆದುಕೊಂಡಿರುವುದು ಇದಕ್ಕೆ ಮುಖ್ಯ ಕಾರಣ. ಪುಸ್ತಕ ಎರಡು ಅಧ್ಯಾಯಗಳಲ್ಲಿ ಬೇರೆಯಾಗಿಸಿದ್ದನ್ನು ವಿದ್ಯಾರ್ಥಿ ಹೀಗೆ ತನ್ನ ಮಣಿಕಟ್ಟಿನಲ್ಲೇ ಒಂದಾಗಿ ಕಾಣಬಹುದು. ಜೋರಾಗಿ ಉಸಿರಾಡಿ ಉಸಿರು ಹಿಡಿಯುವ ಪ್ರಯೋಗವನ್ನು ಮಾತ್ರ ಯಾರಿಂದಲೂ ಮಾಡಿಸಬಾರದು.

ಬೆಟ್ಟದ ಪ್ರಶ್ನೆಗೆ ಮರಳೋಣ. ಪ್ರಶ್ನೆ ಸರಿಯಾಗಿಯೇ ಇದೆ. ಪಾಠದ ಕೊನೆಯ ವಾಕ್ಯವನ್ನು ಮಾತ್ರ ತಿದ್ದಬೇಕು. ಈ ಎರಡರ ನಡುವಿನ ವಿರೋಧವನ್ನು ಗುರುತಿಸಿ ಕೈಯೆತ್ತುವ ವಿದ್ಯಾರ್ಥಿ ನಿಮ್ಮ ತರಗತಿಯಲ್ಲಿದ್ದರೆ, ಪಾಠ ಆ ಕೈಯಿಂದಲೇ ಆರಂಭವಾಗಲಿ.