ನಾಯಿಕೆಮ್ಮಿನ ರೋಗಾಣುವೂ ಲಸಿಕೆಯೂ: ಕಾರಣತ್ವವಿಚಾರ

ನಾಯಿಕೆಮ್ಮಿನ ಲಸಿಕೆಯನ್ನು ಕುರಿತ ಬರಹಗಳಲ್ಲಿ ಎರಡು ಕ್ರಿಯಾಪದಗಳು ಆಗಾಗ ಕಾಣಬರುತ್ತವೆ. ರೋಗಾಣುವು ಲಸಿಕೆಯನ್ನು 'ವಂಚಿಸಿತು' ಎಂಬುದೊಂದು. ಲಸಿಕೆಯು ಹೊಸ ರೋಗಾಣುವನ್ನು 'ಹುಟ್ಟಿಸಿತು' ಎಂಬುದು ಮತ್ತೊಂದು. ಮೊದಲನೆಯದು ಬುದ್ಧಿಯಿಲ್ಲದ ಜೀವಿಗೆ ಸಂಕಲ್ಪವನ್ನು ಆರೋಪಿಸುತ್ತದೆ. ಎರಡನೆಯದು ನಿಮಿತ್ತಕಾರಣವನ್ನು ಉಪಾದಾನಕಾರಣವೆಂದು ಭ್ರಮಿಸುತ್ತದೆ. ಇದು ಬರಿಯ ಪದದೋಷವಾಗಿ ನಿಲ್ಲುವುದಿಲ್ಲ. 'ಹುಟ್ಟಿಸಿತು' ಎಂಬ ಮಾತನ್ನು ನಂಬಿದ ತಾಯಿಯು ತನ್ನ ಕೂಸಿಗೆ ಲಸಿಕೆ ಹಾಕಿಸದೆಯೇ ಇದ್ದುಬಿಡಬಹುದು. ಆದುದರಿಂದ ಈ ಕಾರಣತ್ವದ ಪರೀಕ್ಷೆ ಆವಶ್ಯಕವಾಗಿದೆ.

ಬೋರ್ಡೆ, ಜಾಂಗು ಎಂಬ ಬೆಲ್ಜಿಯಂ ದೇಶದ ವಿದ್ವಾಂಸರು ಈ ರೋಗಾಣುವನ್ನು ಬೇರ್ಪಡಿಸಿ ಬೆಳೆಸಿದುದನ್ನು ೧೯೦೬ರಲ್ಲಿ ಪ್ರಕಟಿಸಿದರು. ಸತ್ತ ರೋಗಾಣುವನ್ನು ಇಡಿಯಾಗಿ ಬಳಸುವ ಪೂರ್ಣಕೋಶ ಲಸಿಕೆಯು ಮೊದಲು ಪ್ರಚಾರಕ್ಕೆ ಬಂದಿತು. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇಂದಿಗೂ ಇರುವುದು ಅದೇ. ಅದರಿಂದ ಜ್ವರ, ಬಾವು ಮುಂತಾದುವು ಉಂಟಾಗುತ್ತಿದ್ದುದರಿಂದ, ೧೯೮೧ರಲ್ಲಿ ಜಪಾನಿನಲ್ಲಿ ಕೋಶರಹಿತ ಲಸಿಕೆಯು ಬಳಕೆಗೆ ಬಂದಿತು. ಇದರಲ್ಲಿ ರೋಗಾಣುವಿನ ಒಂದರಿಂದ ಐದರವರೆಗಿನ ಶುದ್ಧೀಕರಿಸಿದ ಪ್ರೋಟೀನುಗಳು ಮಾತ್ರ ಇರುತ್ತವೆ. ಅವುಗಳಲ್ಲೊಂದು, ರೋಗಾಣುವಿನ ಹೊರಮೈಯಲ್ಲಿರುವ ಪರ್ಟಾಕ್ಟಿನ್.

ಈಗ ಅನ್ವಯವನ್ನು ನೋಡಬೇಕು. ಪರ್ಟಾಕ್ಟಿನ್ ಉಳ್ಳ ಲಸಿಕೆಯನ್ನು ಬಳಸುವ ಅಮೆರಿಕಾದಲ್ಲಿ, ೧೯೩೫ರಿಂದ ೨೦೧೨ರವರೆಗಿನ ರೋಗಾಣು ಸಂಗ್ರಹವನ್ನು ಶೋಧಿಸಿದಾಗ ಪರ್ಟಾಕ್ಟಿನ್‌ರಹಿತವಾದ ಮೊದಲ ಮಾದರಿಯು ೧೯೯೪ರದಾಗಿತ್ತು. ೨೦೧೨ರ ಮಾದರಿಗಳಲ್ಲಿ ಅರ್ಧಕ್ಕೂ ಹೆಚ್ಚು ಅಂತಹವೇ. ಒಂದೇ ಮಾತೃಕೆಯಿಂದ ಇಳಿದ ಓಲೆಯ ಪ್ರತಿಗಳಲ್ಲಿ ಒಂದೇ ತಪ್ಪು ಕಾಣುವುದು ಸಹಜ. ಆದರೆ ಬೇರೆ ಬೇರೆ ಲಿಪಿಕಾರರು ಬೇರೆ ಬೇರೆ ಬಗೆಯಲ್ಲಿ ಒಂದೇ ಪದ್ಯವನ್ನು ಕೆಡಿಸಿದ್ದರೆ, ಅದಕ್ಕೆ ಸಮಾನವಾದ ನಿಮಿತ್ತವೊಂದನ್ನು ಹುಡುಕಬೇಕಾಗುತ್ತದೆ. ಇಲ್ಲಿಯೂ ಹಾಗೆಯೇ: ಪರ್ಟಾಕ್ಟಿನ್ನಿನ ಜೀನು ಕೆಟ್ಟಿರುವುದು ಒಂದೇ ಬಗೆಯಲ್ಲಲ್ಲ. ಕೆಲವೆಡೆ ಅನ್ಯಖಂಡವೊಂದು ನಡುವೆ ಸೇರಿದೆ. ಕೆಲವೆಡೆ ಭಾಗವೊಂದು ಲುಪ್ತವಾಗಿದೆ.

ವ್ಯತಿರೇಕವೂ ದೊರೆಯುತ್ತದೆ. ಡೆನ್ಮಾರ್ಕಿನ ಲಸಿಕೆಯಲ್ಲಿ ಪರ್ಟಾಕ್ಟಿನ್ ಇಲ್ಲ. ಅಲ್ಲಿ ಪರ್ಟಾಕ್ಟಿನ್‌ರಹಿತ ರೋಗಾಣುವು ವಿರಳ. ಅನ್ವಯ ವ್ಯತಿರೇಕಗಳೆರಡೂ ಕೂಡಿಬಂದುದರಿಂದ ಲಸಿಕೆಯ ಪ್ರಭಾವವನ್ನು ಒಪ್ಪಲೇಬೇಕು. ಆದರೆ ಆ ಪ್ರಭಾವವು ಜರಡಿಯ ಪ್ರಭಾವ. ಜೀನಿನ ಪ್ರತಿಯಲ್ಲಿ ಪ್ರಮಾದಗಳು ತಾವಾಗಿಯೇ ಆಗುತ್ತಿರುತ್ತವೆ. ಲಸಿಕೆಯು ಅವುಗಳಲ್ಲಿ ಯಾವುದು ಉಳಿಯಬೇಕೆಂಬುದನ್ನು ಮಾತ್ರ ಬದಲಿಸುತ್ತದೆ. ಜರಡಿಯು ಕಾಳನ್ನು ಹುಟ್ಟಿಸುವುದಿಲ್ಲ.

ಇಷ್ಟರಿಂದಲೇ ರೋಗದ ಪುನರುತ್ಥಾನಕ್ಕೆಲ್ಲ ಈ ಮಾರ್ಪಾಡೇ ಕಾರಣವೆಂದರೆ ಅತಿವ್ಯಾಪ್ತಿಯಾಗುತ್ತದೆ. ಕೋಶರಹಿತ ಲಸಿಕೆಯ ರಕ್ಷಣೆಯು ಕೆಲವು ವರ್ಷಗಳಲ್ಲೇ ಕುಂದುತ್ತದೆ. ರೋಗವನ್ನು ಗುರುತಿಸುವ ಪರೀಕ್ಷೆಗಳೂ ಸೂಕ್ಷ್ಮವಾಗಿವೆ. ೨೦೧೪ರಲ್ಲಿ ಪ್ರಕಟವಾದ ಬಬೂನ್ ಕೋತಿಗಳ ಪ್ರಯೋಗದಲ್ಲಿ, ಆ ಲಸಿಕೆಯು ರೋಗವನ್ನು ತಡೆದರೂ ರೋಗಾಣುವಿನ ವಾಸವನ್ನೂ ಹರಡುವಿಕೆಯನ್ನೂ ತಡೆಯಲಿಲ್ಲ. ಹೊಸ ಲಸಿಕೆಯೊಂದನ್ನೇ ದೂರುವುದೂ ಸಲ್ಲದು: ನೆದರ್ಲೆಂಡ್ಸ್‌ನಲ್ಲಿ ಹೆಚ್ಚು ವಿಷವನ್ನು ಸ್ರವಿಸುವ ರೋಗಾಣುವಿನ ವಂಶವು ಹಬ್ಬಿದುದೂ, ೧೯೯೬ರಲ್ಲಿ ರೋಗವು ಮರುಕಳಿಸಿದುದೂ, ೨೦೦೫ರಲ್ಲಿ ಆ ದೇಶವು ಕೋಶರಹಿತ ಲಸಿಕೆಗೆ ಬದಲಾಗುವುದಕ್ಕೆ ಮುಂಚಿನ ಸಂಗತಿಗಳು.

ರೋಗಾಣುವು ಮಾರ್ಪಟ್ಟಿತೆಂದ ಮಾತ್ರಕ್ಕೆ ಲಸಿಕೆಯು ವ್ಯರ್ಥವಾಗುವುದಿಲ್ಲ. ಪರ್ಟಾಕ್ಟಿನ್‌ರಹಿತ ರೋಗಾಣುವೇ ಪ್ರಬಲವಾಗಿದ್ದ ಅಮೆರಿಕಾದ ವರ್ಮಾಂಟ್ ಪ್ರಾಂತದಲ್ಲಿಯೂ ಲಸಿಕೆಯು ಮಕ್ಕಳನ್ನು ಗಣನೀಯವಾಗಿ ರಕ್ಷಿಸಿತು. ಲಸಿಕೆಯ ಉಳಿದ ಅಂಗಗಳು ಕೆಲಸಮಾಡುತ್ತಲೇ ಇರುತ್ತವೆ. ಜರಡಿಯನ್ನೇ ಎಸೆದರೆ ಏನಾಗುವುದೆಂಬುದಕ್ಕೆ ಜಪಾನಿನ ದೃಷ್ಟಾಂತವಿದೆ. ಎರಡು ಶಿಶುಗಳ ಮರಣಾನಂತರ ೧೯೭೫ರಲ್ಲಿ ಅಲ್ಲಿ ಲಸಿಕೆಯನ್ನು ತಡೆಹಿಡಿಯಲಾಯಿತು. ಮತ್ತೆ ಆರಂಭಿಸಿದರೂ ಜನರ ವಿಶ್ವಾಸವು ಮರಳಲಿಲ್ಲ. ೧೯೭೯ರಲ್ಲಿ ಸುಮಾರು ೧೩,೦೦೦ ಮಂದಿಗೆ ರೋಗವು ತಗುಲಿ ೪೧ ಮಂದಿ ಮೃತರಾದರು.

'ಆರಿಸಿತು' ಎಂಬುದೇ ಇಲ್ಲಿ ಯುಕ್ತವಾದ ಕ್ರಿಯಾಪದ. ಆರಿಸುವ ಜರಡಿಯನ್ನು ತಿದ್ದಬಹುದು, ಕಣ್ಣು ಕಿರಿದಾದ ಬೇರೊಂದನ್ನು ಹೆಣೆಯಬಹುದು. ಅದು ಸಿದ್ಧವಾಗುವವರೆಗೆ ಕೈಯಲ್ಲಿರುವುದನ್ನು ಬಿಡುವುದು ವಿವೇಕವಲ್ಲ.