ಕಾರ್ಖಾನೆಗೆ ವಿಚಾರಣೆ, ಹೊಲಕ್ಕೆ ಅಧಿಸೂಚನೆ

2024ರಲ್ಲಿ ಕ್ವಿಂಟಲಿಗೆ ಹತ್ತು ಸಾವಿರ ರೂಪಾಯಿ ದಾಟಿದ್ದ ತೊಗರಿ, ಮರುವರ್ಷ ರಾಶಿ ಮುಗಿದು ಗಂಜ್‌ಗೆ ಬರುವ ಹೊತ್ತಿಗೆ ಕೇಂದ್ರದ ಬೆಂಬಲ ಬೆಲೆ 7,550 ರೂಪಾಯಿಗಿಂತ ಕೆಳಗೆ ಜಾರತೊಡಗಿತ್ತು. ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ ಖರೀದಿ ದರವನ್ನು 8,000ಕ್ಕೆ ಏರಿಸಬೇಕಾಯಿತು. ಇಂಥ ಹೊತ್ತಿನಲ್ಲಿ ಬೀದರ್ ಜಿಲ್ಲೆಯ ಭಾಲ್ಕಿ, ಔರಾದ್ ಕಡೆಯ ಬೇಳೆಕಾಳು ಬೆಳೆಗಾರರ ಸಿಟ್ಟು ಬಂದರುಗಳ ಕಡೆಗೆ ತಿರುಗುವುದು ಸಹಜ. ಮೊಜಾಂಬಿಕ್‌ನ ತೊಗರಿ, ಮ್ಯಾನ್ಮಾರ್‌ನ ಉದ್ದು, ಕೆನಡಾ ಮತ್ತು ರಷ್ಯಾದ ಹಳದಿ ಬಟಾಣಿ ಸುಂಕವಿಲ್ಲದೆ ಒಳಗೆ ಬರುತ್ತಿದ್ದವು. ಹೊರಗಿನ ಮಾಲು ತಂದು ಸುರಿಯುತ್ತಿದ್ದಾರೆ, ಡಂಪಿಂಗ್ ತಡೆಯಿರಿ ಎಂಬ ಬೇಡಿಕೆ ಹುಟ್ಟುವುದು ಇಲ್ಲೇ.

ಡಂಪಿಂಗ್ ತಡೆಯಲೆಂದೇ ಒಂದು ಕಾನೂನು, ಒಂದು ಕಚೇರಿ, ಒಂದು ವಿಚಾರಣಾ ಕ್ರಮ ಇದೆ. 1975ರ ಕಸ್ಟಮ್ಸ್ ಸುಂಕ ಕಾಯ್ದೆಯ 9ಎ ಕಲಂ ಮತ್ತು 1995ರ ನಿಯಮಗಳ ಅಡಿಯಲ್ಲಿ ವಾಣಿಜ್ಯ ಸಚಿವಾಲಯದ ವ್ಯಾಪಾರ ಪರಿಹಾರಗಳ ಮಹಾ ನಿರ್ದೇಶನಾಲಯ ಈ ತನಿಖೆ ನಡೆಸುತ್ತದೆ. 2018ರಲ್ಲಿ ಈ ರೂಪ ಪಡೆದ ಕಚೇರಿ ಇದು. ಅದು ಕೇಳುವುದು ಮುಖ್ಯವಾಗಿ ಮೂರು ಪ್ರಶ್ನೆ. ರಫ್ತುದಾರ ತನ್ನ ದೇಶದಲ್ಲಿ ಮಾರುವ ಬೆಲೆಗಿಂತ ಕಡಿಮೆಗೆ ಇಲ್ಲಿ ಮಾರುತ್ತಿದ್ದಾನೆಯೇ? ಅದೇ ಬಗೆಯ ಸರಕು ತಯಾರಿಸುವ ಇಲ್ಲಿನ ಉದ್ಯಮಕ್ಕೆ ಪೆಟ್ಟು ಬಿದ್ದಿದೆಯೇ? ಆ ಪೆಟ್ಟಿಗೆ ಈ ಆಮದೇ ಕಾರಣವೇ? ಮೂರಕ್ಕೂ ಹೌದು ಎಂಬ ಉತ್ತರ ಸಿಕ್ಕರೆ ಮಾತ್ರ ಸುಂಕದ ಶಿಫಾರಸು. ಹಾಕುವುದು, ಬಿಡುವುದು ಹಣಕಾಸು ಸಚಿವಾಲಯದ ಕೈಯಲ್ಲಿ. ಹಾಕಿದ ಸುಂಕ ಸಾಮಾನ್ಯವಾಗಿ ಐದು ವರ್ಷ ಇರುತ್ತದೆ.

ಈ ಕ್ರಮದ ಗುಣವನ್ನು ಮೊದಲು ಒಪ್ಪಬೇಕು. ತನಿಖೆ ಆರಂಭವಾದ ಸುದ್ದಿ ಗೆಜೆಟ್‌ನಲ್ಲಿ ಬರುತ್ತದೆ. ದೂರುದಾರ, ಆಮದುದಾರ, ವಿದೇಶಿ ಉತ್ಪಾದಕ, ಮಾಲು ಬಳಸುವ ಕಾರ್ಖಾನೆ, ಎಲ್ಲರಿಗೂ ಬಾಯಿಬಿಟ್ಟು ಹೇಳಲು ಅವಕಾಶವಿದೆ. ಗೋಪ್ಯವಲ್ಲದ ಕಡತವನ್ನು ಎದುರು ಪಕ್ಷ ನೋಡಬಹುದು. ಅಂತಿಮ ತೀರ್ಮಾನಕ್ಕೆ ಮುಂಚೆ, ಯಾವ ಅಂಶಗಳ ಮೇಲೆ ನಿರ್ಧರಿಸಲಿದ್ದೇವೆ ಎಂದು ಕಚೇರಿ ಮೊದಲೇ ತಿಳಿಸಬೇಕು. ಒಂದು ವರ್ಷದ ಗಡುವು, ಹೆಚ್ಚೆಂದರೆ ಇನ್ನಾರು ತಿಂಗಳು. ಸರ್ಕಾರಿ ನಿರ್ಧಾರವೊಂದಕ್ಕೆ ಕಾರಣ ಕೇಳುವ, ಕಾರಣ ಕೊಡುವ ಇಷ್ಟು ಅಚ್ಚುಕಟ್ಟಾದ ಪದ್ಧತಿ ನಮ್ಮಲ್ಲಿ ಹೆಚ್ಚಿಲ್ಲ.

ದೋಷ ಇರುವುದು ಬಾಗಿಲಲ್ಲಿ. ದೂರನ್ನು ಬೆಂಬಲಿಸುವವರು ದೇಶದ ಒಟ್ಟು ಉತ್ಪಾದನೆಯಲ್ಲಿ ಕನಿಷ್ಠ ಶೇ 25ರಷ್ಟನ್ನಾದರೂ ತಯಾರಿಸುತ್ತಿರಬೇಕು. ವೆಚ್ಚ, ಲಾಭ, ಮಾರಾಟ, ದಾಸ್ತಾನುಗಳ ಲೆಕ್ಕವನ್ನು ಹಿಂದಿನ ವರ್ಷಗಳ ಸಮೇತ ಒಪ್ಪಿಸಬೇಕು. ಬೀದರ್ ನಗರಕ್ಕೆ ಅಂಟಿಕೊಂಡ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಔಷಧಿಯ ಕಚ್ಚಾವಸ್ತು ಮತ್ತು ರಾಸಾಯನಿಕ ತಯಾರಿಸುವ ಘಟಕಗಳಿವೆ. ಇವುಗಳಲ್ಲಿ ದೊಡ್ಡದು ವಕೀಲರನ್ನೂ ಲೆಕ್ಕಪರಿಶೋಧಕರನ್ನೂ ಇಟ್ಟು ದೆಹಲಿಗೆ ಹೋದೀತು, ಸಣ್ಣದು ಹೋಗಲಾರದು. ಇನ್ನೊಂದು ತೊಡಕೂ ಇದೆ. ಚೀನಾದ ರಾಸಾಯನಿಕವೊಂದರ ಮೇಲೆ ಸುಂಕ ಬಿದ್ದರೆ ಅದನ್ನು ಇಲ್ಲೇ ತಯಾರಿಸುವವನಿಗೆ ಉಸಿರು ಬರುತ್ತದೆ, ಅದನ್ನೇ ಕೊಂಡು ಔಷಧಿ ಮಾಡುವ ಪಕ್ಕದ ಘಟಕದ ಖರ್ಚು ಏರುತ್ತದೆ. ಇತ್ತೀಚಿನ ವರ್ಷಗಳಲ್ಲಿ ನಿರ್ದೇಶನಾಲಯದ ಹಲವು ಶಿಫಾರಸುಗಳನ್ನು ಹಣಕಾಸು ಸಚಿವಾಲಯ ಜಾರಿ ಮಾಡದೆ ಬಿಟ್ಟಿದೆ. ಅಷ್ಟು ದಿನದ ವಿಚಾರಣೆ ಕೊನೆಗೆ ಕಡತದಲ್ಲೇ ಉಳಿಯುತ್ತದೆ.

ಹೊಲದ ಮಾತಿಗೆ ಬಂದರೆ ಈ ಬಾಗಿಲು ಇನ್ನೂ ಕಿರಿದು. ಔರಾದ್‌ನ ತೊಗರಿ ಬೆಳೆಗಾರನ ಪರವಾಗಿ ಮೂರೂ ಪ್ರಶ್ನೆಗಳನ್ನು ಕೇಳಿ ನೋಡಬಹುದು. ಬಟಾಣಿ ಇಲ್ಲಿ ಅಗ್ಗವಾಗಿದ್ದಕ್ಕೆ ಕೆನಡಾದವರು ತಮ್ಮ ಊರಿಗಿಂತ ಕಡಿಮೆ ಬೆಲೆಗೆ ಮಾರಬೇಕೆಂದೇನಿಲ್ಲ. ವಿಶಾಲ ಹೊಲ, ಯಂತ್ರದ ಬೇಸಾಯ ಮತ್ತು ಭಾರತದ ಆಗಿನ ಶೂನ್ಯ ಸುಂಕವೇ ಸಾಕಿತ್ತು. ಅಗ್ಗವೆಲ್ಲ ಡಂಪಿಂಗ್ ಅಲ್ಲ. ಎರಡನೆಯದು ಇನ್ನೂ ಬಿಗಿ. ಕಾನೂನು ನೋಡುವುದು ಅದೇ ಬಗೆಯ ಸರಕನ್ನು. ಬಟಾಣಿಯಿಂದ ಪೆಟ್ಟು ತಿಂದೆ ಎಂದು ಬಟಾಣಿ ಬೆಳೆಯುವವನು ಹೇಳಬಹುದು, ತೊಗರಿಯವನು ಹೇಳುವಂತಿಲ್ಲ. ಆದರೆ ಮಾರುಕಟ್ಟೆ ಹಾಗೆ ವಿಂಗಡಿಸುವುದಿಲ್ಲ: ಬಟಾಣಿ ಕಡಲೆಹಿಟ್ಟಿನೊಳಗೆ ಸೇರುತ್ತದೆ, ಬೇಳೆಯ ಜಾಗಕ್ಕೂ ಬರುತ್ತದೆ, ತೊಗರಿ, ಕಡಲೆ ಎರಡರ ದರವನ್ನೂ ಎಳೆಯುತ್ತದೆ. ಇನ್ನು ಕಾರಣದ ಪ್ರಶ್ನೆಯಲ್ಲಿ ಮಳೆ, ಇಳುವರಿ, ಖರೀದಿ ಕೇಂದ್ರದ ವಿಳಂಬ ಎಲ್ಲವೂ ಬೆರೆತಿರುತ್ತವೆ.

ಹಾಗೆಂದು ಬೆಳೆಗೆ ಈ ಕಾನೂನು ಒಗ್ಗುವುದೇ ಇಲ್ಲ ಎನ್ನುವಂತಿಲ್ಲ. ಚೀನಾದ ಕಚ್ಚಾ ರೇಷ್ಮೆಯ ಮೇಲೆ 2003ರಲ್ಲಿ ಡಂಪಿಂಗ್ ವಿರೋಧಿ ಸುಂಕ ಬಿತ್ತು. ಅದರಿಂದ ರಕ್ಷಣೆ ಬಯಸಿದವರಲ್ಲಿ ಕರ್ನಾಟಕದ ಚದುರಿದ ಸಣ್ಣ ಬೆಳೆಗಾರರು, ನೂಲು ತೆಗೆಯುವವರೇ ಹೆಚ್ಚು. ಬೆಂಗಳೂರಿನ ಕೇಂದ್ರ ರೇಷ್ಮೆ ಮಂಡಳಿಯಂಥ ಸಂಸ್ಥೆ ಬೆನ್ನಿಗಿದ್ದುದರಿಂದ ಅವರ ದನಿ ದೆಹಲಿಗೆ ಮುಟ್ಟಿತು. ಬೇಳೆಕಾಳಿಗೆ ಅಂಥ ಕೇಂದ್ರ ಮಂಡಳಿ ಇಲ್ಲ. ಆದರೆ ಆ ಕಥೆಯ ಮುಂದಿನ ಭಾಗವನ್ನೂ ಮರೆಯಬಾರದು. 2011ರ ಬಜೆಟ್ ಕಚ್ಚಾ ರೇಷ್ಮೆಯ ಮೂಲ ಆಮದು ಸುಂಕವನ್ನು ಶೇ 30ರಿಂದ ಒಮ್ಮೆಲೇ ಶೇ 5ಕ್ಕೆ ಇಳಿಸಿತು. ಗೂಡಿನ ದರ ಕುಸಿದು ರಾಮನಗರದಲ್ಲಿ ರೈತರು ಬೀದಿಗಿಳಿದರು. ವಿಚಾರಣೆ ನಡೆಸಿ ಕಟ್ಟಿದ ತಡೆಯನ್ನು ಬಜೆಟ್‌ನ ಒಂದು ಸಾಲು ಸಡಿಲಿಸಬಲ್ಲದು.

ಬೀದರ್‌ನ ಬೇಳೆಕಾಳಿಗೆ ನಿಜವಾದ ಪೆಟ್ಟು ಬೀಳುವುದು ಇದೇ ಜಾಗದಲ್ಲಿ. ಹಳದಿ ಬಟಾಣಿಗೆ 2017ರ ನವೆಂಬರ್‌ನಲ್ಲಿ ಶೇ 50 ಸುಂಕ ಹಾಕಲಾಗಿತ್ತು. 2023ರ ಡಿಸೆಂಬರ್‌ನಲ್ಲಿ ಅದು ಸೊನ್ನೆಯಾಯಿತು. ಮಳೆ ಕೈಕೊಟ್ಟು ಬೇಳೆಯ ದರ ಏರಿದ್ದ ವರ್ಷ ಅದು. ನಗರದ ಅಡುಗೆಮನೆಯ ದೃಷ್ಟಿಯಿಂದ ಆ ಕ್ರಮಕ್ಕೆ ಸಮರ್ಥನೆ ಇತ್ತು. 2024ರ ಮಾರ್ಚ್‌ವರೆಗೆ ಎಂದಿದ್ದ ವಿನಾಯಿತಿ ಮಾತ್ರ ಕಂತು ಕಂತಾಗಿ ಬೆಳೆದು 2026ರ ಮಾರ್ಚ್‌ವರೆಗೆ ಚಾಚಿತು. 2024-25ರಲ್ಲಿ ದೇಶಕ್ಕೆ ಬಂದ ಬೇಳೆಕಾಳು 70 ಲಕ್ಷ ಟನ್ ಮೀರಿತು. ಪ್ರತಿ ವಿಸ್ತರಣೆಗೂ ಒಂದು ಅಧಿಸೂಚನೆ ಸಾಕಾಯಿತು. ಬೆಳೆಗಾರನ ಮಾತು ಕೇಳುವ ವಿಚಾರಣೆಯಾಗಲಿ, ಅವನು ನೋಡಬಹುದಾದ ಕಡತವಾಗಲಿ, ಬಿತ್ತನೆಗೆ ಮುಂಚಿನ ಸೂಚನೆಯಾಗಲಿ ಆ ಪದ್ಧತಿಯಲ್ಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಈ ಆಮದಿನ ವಿರುದ್ಧ ರೈತ ಸಂಘಟನೆಯೊಂದು ಸುಪ್ರೀಂ ಕೋರ್ಟಿಗೇ ಹೋಗಬೇಕಾಯಿತು.

ಕೊನೆಗೆ 2025ರ ನವೆಂಬರ್ 1ರಿಂದ ಬಟಾಣಿಗೆ ಶೇ 30 ಸುಂಕ ಬಂತು. ಮುಂಗಾರಿ ಹೆಸರು, ಉದ್ದಿನ ಕಟಾವಿನ ಕಾಲ ಆಗಲೇ ಮುಗಿದಿತ್ತು. ಅಗ್ಗದಲ್ಲಿ ಬಂದ ಬಟಾಣಿ ಈ ಮೊದಲೇ ಗೋದಾಮು ಸೇರಿತ್ತು. ಡಂಪಿಂಗ್ ತನಿಖೆಯನ್ನು ಹೊಲಕ್ಕೆ ಎಳೆದು ತರುವ ಬೇಡಿಕೆಗಿಂತ, ಆ ತನಿಖೆಯ ಶಿಸ್ತನ್ನು ಸುಂಕ ನಿರ್ಧಾರಕ್ಕೆ ತರುವ ಬೇಡಿಕೆಯಲ್ಲಿ ಹೆಚ್ಚು ಹುರುಳಿದೆ. ಬೇಳೆಕಾಳಿನ ಆಮದು ಸುಂಕವನ್ನು ಜೂನ್ ಬಿತ್ತನೆಗೆ ಮೊದಲೇ ಇಡೀ ಹಂಗಾಮಿಗೆ ಘೋಷಿಸುವುದು, ಅದಕ್ಕೂ ಮುಂಚೆ ಏಪ್ರಿಲ್‌ನಲ್ಲಿ ಬೀದರ್, ಕಲಬುರಗಿಯಂಥ ಜಿಲ್ಲೆಗಳಲ್ಲಿ ಬೆಳೆಗಾರರ ಮತ್ತು ದಾಲ್ ಮಿಲ್‌ನವರ ಅಹವಾಲು ಕೇಳುವುದು, ಹಂಗಾಮಿನ ನಡುವೆ ದರ ಬದಲಿಸಿದರೆ ಕಾರಣವನ್ನು ಬರೆದು ಪ್ರಕಟಿಸುವುದು: ಕಾರ್ಖಾನೆಯ ಮಾಲಿಗೆ ಈಗಾಗಲೇ ಸಿಗುತ್ತಿರುವ ಮರ್ಯಾದೆ ಇಷ್ಟೇ.