ಮಾದರಿಯ ಮುಂದೆ ಬಾಗಿ ನೋಡುವ ಬಗೆ

ವಾಸ್ತುಶಿಲ್ಪದ ಐದು ವರ್ಷಗಳ ಪದವಿಯ ಕೊನೆಯಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದು ನಿವೇಶನವನ್ನೂ ಒಂದು ಅಗತ್ಯವನ್ನೂ ತಾನೇ ಆರಿಸಿಕೊಂಡು ಕಟ್ಟಡವೊಂದನ್ನು ಪೂರ್ತಿಯಾಗಿ ಯೋಜಿಸಬೇಕಾಗುತ್ತದೆ. ಥೀಸಿಸ್ ಎನ್ನುವ ಈ ಕೆಲಸದ ಪ್ರದರ್ಶನದಲ್ಲಿ ನೋಡುಗರ ಕಣ್ಣು ಮೊದಲು ಕಂಪ್ಯೂಟರಿನಲ್ಲಿ ಬಣ್ಣ ತುಂಬಿದ ಚಿತ್ರಗಳತ್ತ ಓಡುವುದು ಸಹಜವಾದರೂ, ಅವನ್ನು ಕೊನೆಗೆ ಉಳಿಸಿಕೊಂಡು ನಿವೇಶನದ ಮಾದರಿಯಿಂದ ಆರಂಭಿಸುವುದು ಒಳಿತು.

ಉದಾಹರಣೆಗೆ, ನಿವೇಶನ ರಾಮನಗರ, ಮಾಗಡಿಗಳ ಕಡೆಯದಾದರೆ ಅದು ಬಂಡೆಯ ನೆಲ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಭೂವಿಜ್ಞಾನದಲ್ಲಿ ಹೆಸರು ಪಡೆದ, ಸುಮಾರು 250 ಕೋಟಿ ವರ್ಷ ಹಳೆಯ ಈ ಗ್ರಾನೈಟಿನ ಇಳಿಜಾರನ್ನು ಮಾದರಿಯಲ್ಲಿ ಒಂದರ ಮೇಲೊಂದು ಅಂಟಿಸಿದ ರಟ್ಟಿನ ಪದರಗಳು ತೋರಿಸುತ್ತವೆ. 1:500ರ ಪ್ರಮಾಣದಲ್ಲಿ, ಅಂದರೆ ನಿಜದ ಅಳತೆಯನ್ನು ಐನೂರರಲ್ಲಿ ಒಂದು ಪಾಲಿಗೆ ಇಳಿಸಿದಾಗ, 2 ಮಿಲಿಮೀಟರ್ ದಪ್ಪದ ಪದರ 1 ಮೀಟರ್ ಏರಿಗೆ ಸಮ. ಕಟ್ಟಡ ಆ ಪದರಗಳ ಜೊತೆ ಮೆಟ್ಟಿಲುಮೆಟ್ಟಿಲಾಗಿ ಇಳಿದಿದೆಯೋ, ಬಂಡೆ ಸಿಡಿಸಿ ಸಮತಟ್ಟು ಮಾಡಿಕೊಂಡು ಕುಳಿತಿದೆಯೋ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ.

ಆದರೆ ಯೋಜನೆಯ ಜೀವ ಇರುವುದು ಸೆಕ್ಷನ್ನಿನಲ್ಲಿ, ಎಂದರೆ ಹಲಸಿನ ಹಣ್ಣನ್ನು ಸೀಳಿಟ್ಟಂತೆ ಕಟ್ಟಡವನ್ನು ಮೇಲಿನಿಂದ ಕೆಳಕ್ಕೆ ಕೊಯ್ದು ಒಳಗನ್ನು ತೋರಿಸುವ ನಕ್ಷೆಯಲ್ಲಿ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಹೊಸದಾಗಿ ಯೋಜಿಸುವ ಥೀಸಿಸ್ ಒಂದು ಎದುರಿಗಿದೆ ಎಂದುಕೊಳ್ಳೋಣ. ರೈತರು ಹರಾಜಿಗಾಗಿ ಜಾಲರಿಗೆ ಸುರಿದ ಗೂಡುಗಳ ಒಳಗೆ ಹುಳು ಇನ್ನೂ ಜೀವಂತವಾಗಿದ್ದು ಉಸಿರಾಡುತ್ತಿರುತ್ತದೆ. ಗಾಳಿಯಾಡದ ರಾಶಿ ಬಿಸಿಯೇರಿ, ತೇವಗೊಂಡು, ಗೂಡು ಮೆತ್ತಗಾದರೆ ನೂಲು ಬಿಚ್ಚುವಾಗ ಎಳೆ ಕಡಿಯುತ್ತದೆ, ಅದರ ನಷ್ಟ ಬೀಳುವುದು ಬೆಳೆದವನ ಬೆಲೆಯ ಮೇಲೆ. ಆದ್ದರಿಂದ ಚಾವಣಿ ಎಷ್ಟು ಎತ್ತರದಲ್ಲಿದೆ, ಬಿಸಿಗಾಳಿ ಎಲ್ಲಿಂದ ಹೊರಬೀಳುತ್ತದೆ, ಮಳೆಯ ಎರಚಲು ಜಾಲರಿಯನ್ನು ಮುಟ್ಟುತ್ತದೆಯೇ ಎಂದು ಬೆರಳಿಟ್ಟು ಹುಡುಕಬೇಕು. ಮುಂಭಾಗದ ಗೋಡೆಯನ್ನು ಗೂಡಿನ ಆಕಾರಕ್ಕೆ ಬಾಗಿಸಿದ ಜಾಣ್ಮೆಗಿಂತ ಈ ಒಂದು ಉತ್ತರಕ್ಕೆ ಹೆಚ್ಚು ಬೆಲೆಯಿದೆ. ಆಲೆಮರದ ಬೊಂಬೆಗೆ ಅರಗಿನ ಬಣ್ಣ ಹಚ್ಚುವ ಚನ್ನಪಟ್ಟಣದ ಕುಶಲಕರ್ಮಿಗಳ ಕಾರ್ಯಾಗಾರವಾದರೆ ಹುಡುಕಬೇಕಾದದ್ದು ಬೆಳಕು ಬರುವ ದಿಕ್ಕನ್ನು ಮತ್ತು ಮರದ ಪುಡಿ ಹೊರಹೋಗುವ ದಾರಿಯನ್ನು. ಕನಕಪುರದ ಕಲ್ಲನ್ನು ಬಳಸಿದ ಯೋಜನೆಯಾದರೆ, ಆ ಕಲ್ಲು ಭಾರ ಹೊತ್ತಿದೆಯೋ ಬರಿಯ ಹೊದಿಕೆಯೋ ಎಂಬುದನ್ನು.

ಅಂತಿಮ ಮಾದರಿ ಸಾಮಾನ್ಯವಾಗಿ 1:100 ಅಥವಾ 1:200ರಲ್ಲಿರುತ್ತದೆ. 1:100ರಲ್ಲಿ ಮನುಷ್ಯನ ಎತ್ತರ 17 ಮಿಲಿಮೀಟರ್ ಮಾತ್ರವಾದ್ದರಿಂದ, ಹದ್ದಿನಂತೆ ಮೇಲಿನಿಂದ ನೋಡುವುದನ್ನು ಬಿಟ್ಟು, ಮೊಣಕಾಲೂರಿ, ಕಣ್ಣನ್ನು ಆ ಪುಟ್ಟ ಮನುಷ್ಯನ ಮಟ್ಟಕ್ಕೆ ತಂದು ಬಾಗಿಲಿನಿಂದ ಒಳಕ್ಕೆ ನೋಡಬೇಕು. ಅಲ್ಲೇ ಮೇಜಿನ ಮೂಲೆಯಲ್ಲಿ, ಕತ್ತರಿಸಿ ಮರಳಿ ಅಂಟಿಸಿದ, ಅಂಚು ಹರಿದ ರಟ್ಟಿನ ಮಾದರಿಗಳೂ ಇರಬಹುದು. ಆಲೋಚಿಸುತ್ತಲೇ ಮಾಡಿದ ಇವುಗಳನ್ನು ಸ್ಟಡಿ ಮಾಡೆಲ್ ಎನ್ನುತ್ತಾರೆ. ಅವುಗಳಲ್ಲೊಂದನ್ನು ತೋರಿಸಿ ಇದನ್ನು ಏಕೆ ಕೈಬಿಟ್ಟಿರಿ ಎಂದು ಪಕ್ಕದಲ್ಲಿ ನಿಂತ ವಿದ್ಯಾರ್ಥಿಯನ್ನು ಕೇಳಿದರೆ, ಐದು ವರ್ಷದ ಓದು ಅಲ್ಲಿಂದ ಮಾತಾಡತೊಡಗುತ್ತದೆ.